ಪೈಥಾನ್ ಮೂರು ಸಲ ಶುರು ಮಾಡಿ ಬಿಟ್ಟೆ, ಈಗ ಎಲ್ಲಿಂದ ಹಿಡಿಯಲಿ?

ಪ್ರಶ್ನೆ: ನಾನು ಬಿಕಾಂ ಓದಿದ್ದೇನೆ, ವಯಸ್ಸು 29. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ನಮ್ಮೂರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೆಂದು ಮೂರು ಸಲ ಯೂಟ್ಯೂಬ್ ನೋಡಿ ಶುರು ಮಾಡಿದೆ. ನೋಡುವಾಗ ಎಲ್ಲಾ ಅರ್ಥವಾಗುತ್ತದೆ. ನಾನೇ ಬರೆಯಲು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಬಂದ ಕಡೆ ಪ್ರತಿ ಸಲ ನಿಂತುಹೋಗುತ್ತೇನೆ. ನನ್ನ ಇಂಗ್ಲಿಷ್ ಸಾಲದೋ, ವಯಸ್ಸಾಯಿತೋ ಗೊತ್ತಾಗುತ್ತಿಲ್ಲ. ಮೊದಲು ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು? — ಹಾಸನ ಜಿಲ್ಲೆಯ ಒಬ್ಬ ಓದುಗರು

ಉತ್ತರ: ವಯಸ್ಸಿನ ಮಾತು ಮೊದಲು ಬದಿಗಿಡೋಣ. ನನ್ನ ತರಗತಿಗೆ ಅಂಚೆ ಕಚೇರಿಯಿಂದ ನಿವೃತ್ತರಾದವರೊಬ್ಬರು ಬರುತ್ತಿದ್ದರು. ನಾಲ್ಕು ತಿಂಗಳಲ್ಲಿ ತಮ್ಮ ತೋಟದ ಖರ್ಚಿನ ಲೆಕ್ಕವನ್ನು ಪೈಥಾನ್‌ನಲ್ಲೇ ಬರೆದುಕೊಂಡರು. 29 ಏನೂ ಅಲ್ಲ.

ಇಂಗ್ಲಿಷ್ ಕೂಡ ನೀವು ಅಂದುಕೊಂಡಷ್ಟು ಬೇಕಾಗಿಲ್ಲ. ಪೈಥಾನ್ ತನಗೆಂದೇ ಮೀಸಲಿಟ್ಟುಕೊಂಡ ಪದಗಳು ಒಟ್ಟು 35. ಶುರುವಿಗೆ ಅದರಲ್ಲಿ ಹದಿನೈದು ಸಾಕು. ಇಫ್, ಎಲ್ಸ್, ಫಾರ್, ಇನ್, ಡೆಫ್, ರಿಟರ್ನ್, ಆ್ಯಂಡ್, ಆರ್, ನಾಟ್ ಇಂಥವು. ಇವಲ್ಲದೆ ಪ್ರಿಂಟ್, ಇನ್‌ಪುಟ್ ಅಂತ ಐದಾರು ಸಿದ್ಧ ಸಲಕರಣೆಗಳು. ದಿನಾ ಎಕ್ಸೆಲ್‌ನಲ್ಲಿ ಕೆಲಸ ಮಾಡುವವರಿಗೆ ಇದು ಭಾರವೇ ಅಲ್ಲ.

ಹಾಗಾದರೆ ತೊಡಕು ಎಲ್ಲಿದೆ? ನಿಮ್ಮ ಪತ್ರದಲ್ಲೇ ಇದೆ: "ನೋಡುವಾಗ ಎಲ್ಲಾ ಅರ್ಥವಾಗುತ್ತದೆ." ಈಜು ನೋಡುವಾಗಲೂ ಹಾಗೇ ಅಲ್ವಾ? ವಿಡಿಯೋದವರು ಸಾಲು ಬರೆಯುತ್ತಾರೆ, ಉತ್ತರ ಬರುತ್ತದೆ, ನಾವು ತಲೆಯಾಡಿಸುತ್ತೇವೆ. ಆ ಸಾಲು ಮುಗಿದಾಗ ಒಳಗೆ ಏನು ಬದಲಾಯಿತು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಗಟ್ಟಿ ಮಾಡಿಕೊಳ್ಳಬೇಕಾದದ್ದು ಅದೊಂದನ್ನೇ. ಒಂದು ಸಾಲು ಓಡಿದ ಮೇಲೆ ಯಾವ ಹೆಸರಿನಲ್ಲಿ ಯಾವ ಬೆಲೆ (ವ್ಯಾಲ್ಯೂ, ಅಂದರೆ ಆ ಹೆಸರಿಗೆ ಕಟ್ಟಿದ ಅಂಕಿ ಅಥವಾ ಅಕ್ಷರ) ಇದೆ ಅಂತ ಕಾಗದದ ಮೇಲೆ ಬರೆದು ತೋರಿಸಲು ಬರಬೇಕು. ಅದು ಬಂದರೆ ಫಾರ್ ಲೂಪ್ ತಾನಾಗಿಯೇ ಬರುತ್ತದೆ. ಲೆಕ್ಕ ಬರೆಯುವವರಾದ ನಿಮಗೆ ಇದು ಬೇರೆಯವರಿಗಿಂತ ಬೇಗ ಬರುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಸೂಚನೆ. ಕೆಳಗಿನ ಕೋಡ್‌ನಲ್ಲಿ ಪ್ರಿಂಟ್, ಇಫ್, ಫಾರ್ ಮುಂತಾದ ಪೈಥಾನ್‌ನ ಸ್ವಂತ ಪದಗಳನ್ನು ಓದಲು ಸುಲಭವಾಗಲೆಂದು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ ಹಾಲು, ದರ, ಒಟ್ಟು ಎಂಬ ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ನಿಜವಾಗಿಯೂ ಓಡುತ್ತದೆ. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3ರಿಂದ ಈ ಅನುಕೂಲ ಇದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಮೊದಲ ನಾಲ್ಕು ಸಾಲು:

ಹಾಲು = 6.5
ದರ = 34
ಹಣ = ಹಾಲು * ದರ
ಪ್ರಿಂಟ್(ಹಣ)

ಉತ್ತರ 221.0 ಅಂತ ಬರುತ್ತದೆ. ಆ ".0" ಯಾಕೆ ಅಂದರೆ, 6.5 ದಶಮಾಂಶದ ಸಂಖ್ಯೆ. ಪೈಥಾನ್‌ನಲ್ಲಿ ಅದನ್ನು ಫ್ಲೋಟ್ ಅನ್ನುತ್ತಾರೆ. 34 ಇಡೀ ಸಂಖ್ಯೆ, ಇಂಟ್. ಎರಡನ್ನೂ ಗುಣಿಸಿದರೆ ಬರುವುದು ಫ್ಲೋಟೇ.

ಈಗ ಕೊನೆಯ ಸಾಲಿನ ಕೆಳಗೆ ಇನ್ನೆರಡು ಸಾಲು ಸೇರಿಸಿ:

ದರ = 36
ಪ್ರಿಂಟ್(ಹಣ)

ಓಡಿಸುವ ಮೊದಲು ಉತ್ತರವನ್ನು ಕಾಗದದ ಮೇಲೆ ಬರೆಯಿರಿ. ಎಕ್ಸೆಲ್ ಬಲ್ಲವರು ಇಲ್ಲಿ 234 ಅಂತ ಬರೆಯುತ್ತಾರೆ. ಪೈಥಾನ್ ಮತ್ತೆ 221.0 ಅಂತಲೇ ಹೇಳುತ್ತದೆ. ಎಕ್ಸೆಲ್‌ನ ಒಂದು ಸೆಲ್‌ನಲ್ಲಿ ಫಾರ್ಮುಲಾ ಹಾಕಿದರೆ ಅದು ಅಲ್ಲೇ ಕೂತಿರುತ್ತದೆ. ದರದ ಸೆಲ್ ಬದಲಾದ ಕೂಡಲೇ ಹಣವೂ ಬದಲಾಗುತ್ತದೆ. ಪೈಥಾನ್‌ನಲ್ಲಿ "ಹಣ = ಹಾಲು * ದರ" ಫಾರ್ಮುಲಾ ಅಲ್ಲ, ಒಂದು ಸಲದ ಕೆಲಸ. ಆ ಸಾಲಿಗೆ ಬಂದಾಗ ಬಲಗಡೆಯ ಲೆಕ್ಕ ಮಾಡಿ, ಬಂದ ಬೆಲೆಗೆ ಎಡಗಡೆಯ ಹೆಸರು ಕಟ್ಟುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ದರ ಏನಾದರೂ ಆಗಲಿ, ಹಣ ಹಾಗೇ ಇರುತ್ತದೆ. ಮತ್ತೆ ಲೆಕ್ಕ ಬೇಕೆಂದರೆ ಆ ಸಾಲನ್ನು ಮತ್ತೆ ಬರೆಯಬೇಕು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಎಕ್ಸೆಲ್‌ನಿಂದ ಬಂದವರ ಗೊಂದಲದಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತದೆ. ಸಮ ಚಿಹ್ನೆ ನೋಡಿದಾಗಲೆಲ್ಲ "ಸಮ" ಅಂತ ಓದಬೇಡಿ. "ಬಲಗಡೆಯದನ್ನು ಲೆಕ್ಕ ಹಾಕಿ ಎಡಗಡೆಯ ಹೆಸರಿಗೆ ಕೊಡು" ಅಂತ ಓದಿ. ಎರಡು ಬೆಲೆ ಸಮವೇ ಅಂತ ಕೇಳಬೇಕಾದರೆ ಪೈಥಾನ್‌ನಲ್ಲಿ ಎರಡು ಸಮ ಚಿಹ್ನೆ ಜೊತೆಗೆ ಹಾಕುತ್ತೇವೆ: ==.

ಇನ್ನು ಕೀಬೋರ್ಡ್‌ನಿಂದ ಬೆಲೆ ತೆಗೆದುಕೊಳ್ಳುವುದು.

ದರ = 34
ಹಾಲು = ಇನ್‌ಪುಟ್("ಎಷ್ಟು ಲೀಟರ್? ")
ಪ್ರಿಂಟ್(ಹಾಲು * ದರ)

6.5 ಅಂತ ಕೊಡಿ. ಪರದೆ ಮೇಲೆ 6.56.56.5 ಅಂತ ಉದ್ದಕ್ಕೆ ಬರುತ್ತದೆ. ಎಣಿಸಿ ನೋಡಿ, 6.5 ಸರಿಯಾಗಿ 34 ಸಲ ಇರುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. ಇನ್‌ಪುಟ್ ಯಾವಾಗಲೂ ಅಕ್ಷರಗಳ ಸರವನ್ನೇ ಕೊಡುತ್ತದೆ, ಸಂಖ್ಯೆಯನ್ನಲ್ಲ. ನಿಮ್ಮ ಕಣ್ಣಿಗೆ ಅದು ಆರೂವರೆ. ಪೈಥಾನ್‌ಗೆ ಅದು 6, ಚುಕ್ಕಿ, 5 ಎಂಬ ಮೂರು ಗುರುತುಗಳು. ಸರವನ್ನು 34ರಿಂದ ಗುಣಿಸು ಅಂದರೆ ಅದನ್ನು 34 ಸಲ ಜೋಡಿಸುತ್ತದೆ. ದರ 34.5 ಆಗಿದ್ದರೆ ಜೋಡಿಸಲು ಆಗದೆ ಟೈಪ್ ಎರರ್ ಕೊಟ್ಟು ನಿಲ್ಲುತ್ತದೆ. ಸರಿ ಮಾಡುವುದು ಹೀಗೆ:

ಹಾಲು = ಫ್ಲೋಟ್(ಇನ್‌ಪುಟ್("ಎಷ್ಟು ಲೀಟರ್? "))

ಬೆಲೆ ಎಷ್ಟು ಅನ್ನುವುದರ ಜೊತೆಗೆ ಅದು ಯಾವ ಜಾತಿಯದು ಅನ್ನುವುದೂ ನಿಮ್ಮ ಕಾಗದದಲ್ಲಿ ಇರಲಿ. ಅಕ್ಷರದ ಸರವಾದರೆ ಉದ್ಧರಣ ಚಿಹ್ನೆ ಹಾಕಿ ಬರೆಯಿರಿ: "6.5". ಸಂಖ್ಯೆಯಾದರೆ ಬರೀ 6.5.

ಕನ್ನಡದಲ್ಲಿ ಸದಸ್ಯರ ಹೆಸರು ಬರೆಯುತ್ತೀರಲ್ಲ, ಅದಕ್ಕೊಂದು ಮಾತು. ಸರದ ಉದ್ದ ಕೇಳಲು ಲೆನ್ ಎಂಬ ಸಲಕರಣೆ ಇದೆ. "ಮೈಸೂರು" ಅಂತ ಕೊಟ್ಟರೆ ನಾವು ಮೂರು ಅಕ್ಷರ ಅನ್ನುತ್ತೇವೆ, ಪೈಥಾನ್ 6 ಅನ್ನುತ್ತದೆ. ಮ ಒಂದು, ಐತ್ವ ಒಂದು, ಸ ಒಂದು, ದೀರ್ಘದ ಕೊಂಬು ಒಂದು, ರ ಒಂದು, ಅದರ ಕೊಂಬು ಒಂದು. ಕಂಪ್ಯೂಟರ್ ಕನ್ನಡವನ್ನು ಇಟ್ಟುಕೊಳ್ಳುವುದೇ ಹೀಗೆ. ಬಿಲ್ಲಿನಲ್ಲಿ ಹೆಸರುಗಳ ಕಾಲಂ ನೇರವಾಗಿ ನಿಲ್ಲದಿದ್ದರೆ ಇದನ್ನು ನೆನಪಿಸಿಕೊಳ್ಳಿ. ಇನ್ನೊಂದು ಚಂದದ ವಿಷಯ: "೧೨" ಎಂಬ ಸರವನ್ನು ಇಂಟ್‌ಗೆ ಕೊಟ್ಟರೆ ಅದು 12 ಅಂತ ಸರಿಯಾಗಿ ಓದುತ್ತದೆ. ಆದರೆ ಕೋಡ್‌ನೊಳಗೆ ನೇರವಾಗಿ ಕನ್ನಡ ಅಂಕಿ ಬರೆದರೆ ಒಪ್ಪುವುದಿಲ್ಲ.

ಈಗ ನೀವು ನಿಂತುಹೋಗುವ ಜಾಗ.

ಡೇರಿಯಲ್ಲಿ ಬೆಳಗಿನ ಹಾಲು ಬರೆಯುವಾಗ ಏನು ಮಾಡುತ್ತೀರಿ? ಒಬ್ಬೊಬ್ಬರೇ ಕ್ಯಾನ್ ತಂದು ಸುರಿಯುತ್ತಾರೆ. ಒಬ್ಬೊಬ್ಬರದೂ ಬರೆದು ಕೊನೆಗೆ ಕೂಡುತ್ತೀರಿ. ಕೂಡುವಾಗ ಮನಸ್ಸಿನಲ್ಲಿ ಒಂದು ಮೊತ್ತ ಇರುತ್ತದೆ. ಮುಂದಿನ ಸಾಲಿನ ಲೀಟರನ್ನು ಅದಕ್ಕೆ ಸೇರಿಸುತ್ತೀರಿ. ಹಳೇ ಮೊತ್ತ ಮರೆತುಹೋಗುತ್ತದೆ, ಹೊಸ ಮೊತ್ತ ಉಳಿಯುತ್ತದೆ. ಪುಟ ತುಂಬಿದರೆ ಮುಂದಿನ ಪುಟದ ಮೇಲೆ "ಹಿಂದಿನ ಪುಟದಿಂದ" ಅಂತ ಬರೆದು ಆ ಮೊತ್ತದಿಂದಲೇ ಮುಂದುವರಿಸುತ್ತೀರಿ. ಫಾರ್ ಲೂಪ್ ಅಂದರೆ ಇದೇ.

ಪಟ್ಟಿ = [6.5, 4, 8.5, 3]
ಒಟ್ಟು = 0
ಫಾರ್ ಹಾಲು ಇನ್ ಪಟ್ಟಿ:
    ಒಟ್ಟು = ಒಟ್ಟು + ಹಾಲು
ಪ್ರಿಂಟ್(ಒಟ್ಟು)

ಚೌಕ ಆವರಣದಲ್ಲಿ ಇರುವುದು ಲಿಸ್ಟ್, ಬೆಲೆಗಳ ಸಾಲು. ಮೂರನೇ ಸಾಲು ಹೇಳುವುದು ಇಷ್ಟೇ: ಪಟ್ಟಿಯಲ್ಲಿ ಇರುವುದನ್ನು ಒಂದೊಂದಾಗಿ ತೆಗೆದುಕೋ, ಪ್ರತಿ ಸಲ ಅದಕ್ಕೆ ಹಾಲು ಅಂತ ಹೆಸರಿಡು, ಕೆಳಗೆ ಒಳಸರಿದ ಸಾಲನ್ನು ಮಾಡು. ಈಗ ಪೆನ್ನು ಹಿಡಿಯಿರಿ. ಎರಡು ಕಾಲಂ ಗೆರೆ ಹಾಕಿ, ಒಂದಕ್ಕೆ ಹಾಲು, ಇನ್ನೊಂದಕ್ಕೆ ಒಟ್ಟು ಅಂತ ತಲೆಬರಹ ಕೊಡಿ. ಶುರುವಿನಲ್ಲಿ ಒಟ್ಟು 0. ಮೊದಲ ಸುತ್ತಿನಲ್ಲಿ ಹಾಲು 6.5, ಒಟ್ಟು 6.5. ಎರಡನೇ ಸುತ್ತಿನಲ್ಲಿ ಹಾಲು 4, ಒಟ್ಟು 10.5. ಮೂರನೇ ಸುತ್ತಿನಲ್ಲಿ ಹಾಲು 8.5, ಒಟ್ಟು 19.0. ನಾಲ್ಕನೇ ಸುತ್ತಿನಲ್ಲಿ ಹಾಲು 3, ಒಟ್ಟು 22.0. ಪಟ್ಟಿ ಖಾಲಿ. ಒಳಸರಿಯದ ಪ್ರಿಂಟ್ ಸಾಲಿಗೆ ಬಂದು 22.0 ತೋರಿಸುತ್ತದೆ.

"ಒಟ್ಟು = ಒಟ್ಟು + ಹಾಲು" ನೋಡಿ ಬಹಳ ಜನ ಗಾಬರಿಯಾಗುತ್ತಾರೆ. ಶಾಲೆಯ ಗಣಿತದಲ್ಲಿ ಇಂಥ ಸಮೀಕರಣ ತಪ್ಪು. ಇಲ್ಲಿ ಬಲಗಡೆಯ ಒಟ್ಟು ಹಿಂದಿನ ಪುಟದಿಂದ ಬಂದದ್ದು, ಎಡಗಡೆಯ ಒಟ್ಟು ಈ ಪುಟದ ಕೊನೆಯಲ್ಲಿ ಬರೆಯುವುದು. ಲೆಕ್ಕದ ಪುಸ್ತಕ ಬರೆದ ಕೈಗೆ ಇದು ಹೊಸದಲ್ಲ. ನಿಮಗೆ ಬೇಗ ಬರುತ್ತದೆ ಅಂದದ್ದು ಇದಕ್ಕೇ.

ಈಗ ಬೇಕೆಂದೇ ಕೆಡಿಸಿ. ಕೆಡಿಸದೆ ಲೂಪ್ ಅರ್ಥವಾದವರನ್ನು ನಾನು ನೋಡಿಲ್ಲ. "ಒಟ್ಟು = 0" ಸಾಲನ್ನು ಫಾರ್‌ನ ಒಳಗೆ, ಕೂಡುವ ಸಾಲಿನ ಮೇಲೆ ಹಾಕಿ. ಪ್ರತಿ ಸುತ್ತಿಗೂ ಮೊತ್ತ ಸೊನ್ನೆಯಾಗುತ್ತದೆ, ಕೊನೆಗೆ ಬರುವುದು ಬರೀ 3. ಅಂದರೆ ಪ್ರತಿ ರೈತ ಬಂದಾಗಲೂ ಹಿಂದಿನವರ ಲೆಕ್ಕ ಅಳಿಸಿಹಾಕಿದ ಹಾಗೆ. ಆಮೇಲೆ ಅದನ್ನು ಸರಿ ಮಾಡಿ, ಪ್ರಿಂಟ್ ಸಾಲನ್ನು ಒಳಗೆ ತಳ್ಳಿ. ನಾಲ್ಕು ಸಾಲು ಉತ್ತರ ಬರುತ್ತದೆ: 6.5, 10.5, 19.0, 22.0. ನಿಮ್ಮ ಕಾಗದದ ಎರಡನೇ ಕಾಲಂ ಪರದೆ ಮೇಲೆ ಮೂಡಿತು, ಅಲ್ವಾ?

ಆ ಒಳಸರಿತ ಪೈಥಾನ್‌ನಲ್ಲಿ ಅಂದಕ್ಕೆ ಇರುವುದಲ್ಲ, ಅದೇ ವ್ಯಾಕರಣ. ಬೇರೆ ಎಷ್ಟೋ ಭಾಷೆಗಳಲ್ಲಿ ಪುಷ್ಪಾವರಣ ಹಾಕಿ "ಇಲ್ಲಿಂದ ಇಲ್ಲಿವರೆಗೆ ಒಂದು ಗುಂಪು" ಅನ್ನುತ್ತಾರೆ. ಪೈಥಾನ್‌ನಲ್ಲಿ ನಾಲ್ಕು ಸ್ಪೇಸ್ ಒಳಗೆ ಸರಿಸುವುದೇ ಗುಂಪು. ಇದನ್ನು ಮಾಡಿದ ಗೈಡೋ ವಾನ್ ರಾಸಮ್ ನೆದರ್ಲೆಂಡ್ಸ್‌ನವರು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕಲಿಯುವವರಿಗೆಂದು ಮಾಡಿದ ಎಬಿಸಿ ಎಂಬ ಭಾಷೆಯ ಕೆಲಸದಲ್ಲಿದ್ದರು. ಅದರಲ್ಲಿ ಹೀಗೆ ಸರಿಸುವ ರೂಢಿ ಇತ್ತು. 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಬರೆಯಲು ಕೂತಾಗ ಅದನ್ನು ಇಲ್ಲಿಗೂ ತಂದರು. 1991ರಲ್ಲಿ ಮೊದಲ ಆವೃತ್ತಿ ಹೊರಬಂತು. ಹೊಸಬರ ಕಣ್ಣಿಗೆ ಕೋಡ್ ಅಚ್ಚುಕಟ್ಟಾಗಿ ಕಾಣುವುದು ಈ ಕಾರಣಕ್ಕೇ. ಅವರಿಗೆ ನಾವು ಋಣಿಗಳು. ನೀವು ಮಾತ್ರ ಒಂದೇ ಫೈಲಿನಲ್ಲಿ ಟ್ಯಾಬ್, ಸ್ಪೇಸ್ ಎರಡನ್ನೂ ಬೆರೆಸಬೇಡಿ.

ಇಫ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಎಕ್ಸೆಲ್‌ನಲ್ಲಿ ಬಳಸಿದ್ದೀರಿ. ಬೀಳಬಹುದಾದ ಒಂದು ಗುಂಡಿ ಮಾತ್ರ ತೋರಿಸುತ್ತೇನೆ. ಫ್ಯಾಟ್ (ಹಾಲಿನ ಕೊಬ್ಬಿನ ಅಂಶ) ನೋಡಿ ದರ ಹಾಕುವುದು ಅಂತಿಟ್ಟುಕೊಳ್ಳಿ. ಅಂಕಿ ನನ್ನವು, ನಿಮ್ಮ ಸಂಘದ ದರಪಟ್ಟಿ ಬೇರೆ ಇರುತ್ತದೆ.

ಇಫ್ ಫ್ಯಾಟ್ >= 3.5:
    ದರ = 34
ಎಲಿಫ್ ಫ್ಯಾಟ್ >= 4:
    ದರ = 36
ಎಲ್ಸ್:
    ದರ = 31

ಎಲಿಫ್ ಅಂದರೆ "ಮೇಲಿನದು ಅಲ್ಲದಿದ್ದರೆ, ಇದು ಹೌದೇ?" ಅಂತ. 4.2 ಫ್ಯಾಟ್ ಬಂದವರಿಗೆ ಎಷ್ಟು ಸಿಗುತ್ತದೆ? 34. ಪೈಥಾನ್ ಮೇಲಿನಿಂದ ಕೇಳುತ್ತಾ ಬರುತ್ತದೆ. ಮೊದಲು ಹೌದು ಅಂದ ಕಡೆ ಒಳಗೆ ಹೋಗಿ, ಉಳಿದದ್ದನ್ನು ಕೇಳುವುದೇ ಇಲ್ಲ. 4.2 ಅನ್ನುವುದು 3.5ಕ್ಕಿಂತ ಜಾಸ್ತಿ ತಾನೇ? ಇಲ್ಲಿ ಯಾವ ಎರರ್ ಕೂಡ ಬರುವುದಿಲ್ಲ. ಒಳ್ಳೇ ಹಾಲು ಹಾಕಿದವರಿಗೆ ಲೀಟರಿಗೆ ಎರಡು ರೂಪಾಯಿ ಸುಮ್ನೆ ಹೋಗುತ್ತದೆ, ಅಷ್ಟೇ. ಆದ್ದರಿಂದ ದೊಡ್ಡ ಅಂಕಿ ಮೇಲೆ ಇರಲಿ. ಬರೆದ ಮೇಲೆ 3.4, 3.5, 4, 4.2 ಹೀಗೆ ಗಡಿಯ ಅಂಕಿಗಳನ್ನು ಕೊಟ್ಟು ನೋಡಿ. ಬೇರೆಯವರ ದುಡ್ಡಿನ ಲೆಕ್ಕ ಬರೆಯುವವರು ಈ ಅಭ್ಯಾಸ ಬಿಡಲೇಬಾರದು.

ದುಡ್ಡಿನ ಮಾತು ಬಂತು, ಇದನ್ನೂ ಕೇಳಿ. ಪೈಥಾನ್‌ನಲ್ಲಿ 0.1 + 0.2 ಕೊಡಿ. 0.30000000000000004 ಅಂತ ಬರುತ್ತದೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಸಂಖ್ಯೆ ಇಟ್ಟುಕೊಳ್ಳುತ್ತದೆ. ನಮ್ಮ ಹತ್ತರ ಲೆಕ್ಕದ 0.1 ಅದರಲ್ಲಿ ಪೂರ್ತಿ ಕೂರುವುದಿಲ್ಲ, ಮೂರರಿಂದ ಒಂದನ್ನು ಭಾಗಿಸಿದರೆ ನಮಗೆ 0.333 ಅಂತ ಮುಗಿಯದೆ ಹೋಗುತ್ತದಲ್ಲ ಹಾಗೆ. ಕಲಿಯುವಾಗ ಇದು ಅಡ್ಡಿಯಲ್ಲ. ಬಟವಾಡೆಗೆ ಬಳಸುವ ದಿನ ಬಂದರೆ ಹಣವನ್ನು ಪೈಸೆಯಲ್ಲಿ, ಇಡೀ ಸಂಖ್ಯೆಯಾಗಿ ಇಟ್ಟುಕೊಳ್ಳಿ.

ಕೊನೆಯ ದೊಡ್ಡ ಇಟ್ಟಿಗೆ ಫಂಕ್ಷನ್. ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ಒಂದು ಹೆಸರು ಕೊಡುವುದು.

ಡೆಫ್ ಬಿಲ್(ಹಾಲು, ದರ):
    ರಿಟರ್ನ್ ಹಾಲು * ದರ

ಇಷ್ಟು ಬರೆದರೆ ಏನೂ ಆಗುವುದಿಲ್ಲ, ಪರದೆ ಖಾಲಿ. ಅದು ಕೆಲಸದ ವಿಧಾನ ಹೇಳಿಕೊಟ್ಟದ್ದು ಮಾತ್ರ. ಬಿಲ್(6.5, 34) ಅಂತ ಕರೆದಾಗ ಕೆಲಸ ನಡೆಯುತ್ತದೆ. ಇಲ್ಲಿ ಎಲ್ಲರೂ ಎಡವುವುದು ರಿಟರ್ನ್, ಪ್ರಿಂಟ್ ನಡುವೆ. ಪ್ರಿಂಟ್ ನಿಮ್ಮ ಕಣ್ಣಿಗೆ ತೋರಿಸುತ್ತದೆ. ರಿಟರ್ನ್ ಕರೆದವರ ಕೈಗೆ ಕೊಡುತ್ತದೆ. ಟೆಸ್ಟರ್ ಫ್ಯಾಟ್ ನೋಡಿ "ನಾಲ್ಕು ಇದೆ" ಅಂತ ಬಾಯಲ್ಲಿ ಹೇಳಿ ಹೋದರೆ ನಿಮ್ಮ ಪುಸ್ತಕಕ್ಕೆ ಅದು ಬರುವುದಿಲ್ಲ, ಚೀಟಿ ಕೊಟ್ಟರೆ ಬರುತ್ತದೆ. ಪ್ರಿಂಟ್ ಬಾಯಿಮಾತು, ರಿಟರ್ನ್ ಚೀಟಿ. ರಿಟರ್ನ್ ಜಾಗದಲ್ಲಿ ಪ್ರಿಂಟ್ ಹಾಕಿ "ಒಟ್ಟು = ಒಟ್ಟು + ಬಿಲ್(6.5, 34)" ಅಂದರೆ ಪರದೆ ಮೇಲೆ 221.0 ಕಾಣುತ್ತದೆ, ಮರುಕ್ಷಣ ಟೈಪ್ ಎರರ್ ಬರುತ್ತದೆ. ಕೂಡಲು ಅದರ ಕೈಯಲ್ಲಿ ಏನೂ ಇಲ್ಲ.

ಎರರ್ ಬಂದಾಗ ಕೆಂಪು ಅಕ್ಷರ ನೋಡಿ ಕಿಟಕಿ ಮುಚ್ಚಬೇಡಿ. ಕೆಳಗಿನಿಂದ ಓದಿ. ಕೊನೆಯ ಸಾಲಿನಲ್ಲಿ ಏನಾಯಿತು ಅಂತ, ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಅಂತ ಇರುತ್ತದೆ. ನೇಮ್ ಎರರ್ ಅಂದರೆ ನೀವು ಕೊಡದ ಹೆಸರನ್ನು ಕೇಳಿದ್ದೀರಿ, ಹೆಚ್ಚಿನ ಸಲ ಕಾಗುಣಿತದ ತಪ್ಪು. ಪೈಥಾನ್ 3.10ರಿಂದ ಈಚಿನ ಆವೃತ್ತಿಗಳು "ಇದನ್ನು ಹೇಳಲು ಹೊರಟಿರಾ?" ಅಂತ ಹತ್ತಿರದ ಹೆಸರನ್ನೂ ಸೂಚಿಸುತ್ತವೆ. ಇಂಡೆಂಟೇಶನ್ ಎರರ್ ಅಂದರೆ ಒಳಸರಿತ ತಪ್ಪಿದೆ. ಸಿಂಟ್ಯಾಕ್ಸ್ ಎರರ್ ಅಂದರೆ ಆವರಣವನ್ನೋ ಕೋಲನ್ ಚಿಹ್ನೆಯನ್ನೋ (:) ಬಿಟ್ಟಿರಬಹುದು. ವಾಟ್ಸ್‌ಆ್ಯಪ್‌ನಿಂದಲೋ ವರ್ಡ್‌ನಿಂದಲೋ ಕೋಡ್ ಕಾಪಿ ಮಾಡಿದ್ದರೆ ಉದ್ಧರಣ ಚಿಹ್ನೆ ನೋಡಿ. ಬಾಗಿದ ಚಿಹ್ನೆ ಪೈಥಾನ್‌ಗೆ ಬೇಡ, ನೇರದ್ದೇ ಬೇಕು. ಕನ್ನಡದ ಹೆಸರಿನಲ್ಲೂ ಒಂದು ಎಚ್ಚರ: "ಲೀಟರ್‌ಗಳು" ಎಂಬಲ್ಲಿ ಒತ್ತು ಕೂಡದಿರಲೆಂದು ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತದೆ. ಅದಿದ್ದರೆ ಹೆಸರನ್ನು ಒಪ್ಪುವುದಿಲ್ಲ. ಹಾಲು, ದರ, ಒಟ್ಟು ಇಂಥ ಸರಳ ಪದ ಸಾಕು. ಆಗಾಗ ಕೀಬೋರ್ಡ್ ಬದಲಿಸುವುದು ಬೇಸರವಾದರೆ ಆಮೇಲೆ ಇಂಗ್ಲಿಷ್ ಅಕ್ಷರಕ್ಕೆ ಹೋಗಿ. ಮೊದಲ ತಿಂಗಳು ಮಾತ್ರ ಕನ್ನಡದ ಹೆಸರೇ ಇರಲಿ, ಪೈಥಾನ್‌ನ ಪದ ಯಾವುದು, ನೀವು ಇಟ್ಟ ಹೆಸರು ಯಾವುದು ಅಂತ ಒಂದೇ ನೋಟಕ್ಕೆ ಬೇರೆಯಾಗಿ ಕಾಣುತ್ತದೆ.

ಸಾಧನಗಳ ವಿಷಯ ಬೇಗ ಮುಗಿಸುತ್ತೇನೆ. ಪೈಥಾನ್ ಡಾಟ್ ಆರ್ಗ್‌ನಿಂದ ಉಚಿತವಾಗಿ ಇಳಿಸಿಕೊಳ್ಳಿ, ಜೊತೆಗೆ ಐಡಲ್ ಎಂಬ ಬರೆಯುವ ಕಿಟಕಿ ಬರುತ್ತದೆ, ಸದ್ಯಕ್ಕೆ ಅದೇ ಸಾಕು. ಮೊಬೈಲಿನಲ್ಲಿ ಕಲಿಯಲು ಹೋಗಬೇಡಿ, ಒಳಸರಿತ ಕಣ್ಣಿಗೆ ಬೀಳುವುದಿಲ್ಲ. ಪೈಥಾನ್ ಟ್ಯೂಟರ್ ಎಂಬ ಜಾಲತಾಣವಿದೆ. ಕೋಡ್ ಹಾಕಿದರೆ ಸಾಲು ಸಾಲಾಗಿ ಓಡಿಸಿ, ಯಾವ ಹೆಸರಿನಲ್ಲಿ ಏನಿದೆ ಅಂತ ಚಿತ್ರವಾಗಿ ತೋರಿಸುತ್ತದೆ. ನಿಮ್ಮ ಕಾಗದದ ಕಾಲಂ ಬರೆದು ಮುಗಿಸಿದ ಮೇಲೆ, ತಾಳೆ ನೋಡಲು ಮಾತ್ರ ಅದನ್ನು ತೆರೆಯಿರಿ. ಮೊದಲೇ ತೆರೆದರೆ ಅದೂ ಇನ್ನೊಂದು ವಿಡಿಯೋ ಆಗಿಬಿಡುತ್ತದೆ. ಡಿಕ್ಷನರಿ, ಫೈಲ್ ಓದುವುದು ಇವೆಲ್ಲ ಎರಡನೇ ತಿಂಗಳಿಗೆ. ಕ್ಲಾಸ್, ಮೆಷಿನ್ ಲರ್ನಿಂಗ್ ಅಂತ ಯಾರು ಏನೇ ಹೇಳಿದರೂ ಈಗ ಕಿವಿಗೆ ಹಾಕಿಕೊಳ್ಳಬೇಡಿ.

ಈ ವಾರ ಹೀಗೆ ಮಾಡಿ. ನಿಮ್ಮ ಪುಸ್ತಕದಿಂದ ಯಾರಾದರೂ ಒಬ್ಬ ಸದಸ್ಯರ ಹತ್ತು ದಿನದ ಲೆಕ್ಕ ತೆಗೆದುಕೊಳ್ಳಿ. ಬೆಳಿಗ್ಗೆ, ಸಂಜೆ ಸೇರಿ ಇಪ್ಪತ್ತು ಅಂಕಿ. ಹಾಲು ಹಾಕದ ಹೊತ್ತಿಗೆ 0. ಅದನ್ನು ಒಂದು ಲಿಸ್ಟ್ ಮಾಡಿ. ಒಟ್ಟು ಲೀಟರ್ ಎಷ್ಟು, ಎಷ್ಟು ಹೊತ್ತು ಹಾಲು ಹಾಕಿಲ್ಲ, ಒಂದೇ ದರದಲ್ಲಿ ಹಣ ಎಷ್ಟು, ಈ ಮೂರೂ ಬರಬೇಕು. ಎರಡನೆಯದಕ್ಕೆ ಫಾರ್ ಒಳಗೆ ಒಂದು ಇಫ್ ಬೇಕಾಗುತ್ತದೆ. ಹೇಗೆ ಅಂತ ನಾನು ಹೇಳುವುದಿಲ್ಲ, ನಿಮಗೆ ಹೊಳೆಯುತ್ತದೆ. ಲೀಟರಿನ ಮೊತ್ತ ಪುಸ್ತಕದ ಜೊತೆ ತಾಳೆಯಾಗದಿದ್ದರೆ ಕೋಡ್ ಅಳಿಸಬೇಡಿ. ಮೊದಲ ಮೂರು ಅಂಕಿ ಮಾತ್ರ ಇಟ್ಟುಕೊಂಡು, ಕಾಲಂ ಗೆರೆ ಹಾಕಿ, ಸುತ್ತು ಸುತ್ತಾಗಿ ಇಳಿಸಿ. ಯಾವ ಸುತ್ತಿನಲ್ಲಿ ಕಾಗದವೂ ಪರದೆಯೂ ಬೇರೆಯಾದವು ಅಂತ ಗುರುತು ಮಾಡಿ, ಆ ಕಾಗದದ ಫೋಟೋ ಜೊತೆಗೆ ಮತ್ತೆ ಬರೆಯಿರಿ.